ನಮ್ಮನೆಯವರ ಹವ್ಯಾಸಗಳೂ ಮಸ್ಕಿಯ ಬೀಗರೂ

ನಮ್ಮ ಮನೆಯಲ್ಲಿ ಇಂಥವು ನಡೆಯುವುದು ನಿಲ್ಲುವುದಿಲ್ಲ. ಒಂದನ್ನು ಬರೆದಿಟ್ಟು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಹಿತ್ತಲಲ್ಲಿ ಇನ್ನೊಂದು ಶುರುವಾಗಿರುತ್ತದೆ. ನಾನು ಇತಿಹಾಸ ಓದಿ ಬಿ.ಎ. ಮಾಡಿದವಳು. ಈ ಓಣಿಗೆ ಸೊಸೆಯಾಗಿ ಬಂದಾಗ ಪದವಿ ಇದ್ದ ಹೆಂಗಸು ನಾನೊಬ್ಬಳೇ. ಮನೆಗೆ ಯಾರು ಬಂದರು, ಏನು ಉಂಡರು, ಯಾರಿಗೆ ಯಾವ ಸೀರೆ ಉಡಿಸಿ ಕಳಿಸಿದೆವು ಎಂಬುದನ್ನೆಲ್ಲ ಅಂದಿನಿಂದ ಬರೆದಿಡುತ್ತ ಬಂದಿದ್ದೇನೆ. ನಮ್ಮನೆಯವರು ಕಾಲುವೆ ಇಲಾಖೆಯಲ್ಲಿ ಎಂಜಿನಿಯರಾಗಿದ್ದಷ್ಟು ಕಾಲ ಆ ಬರವಣಿಗೆ ಸುಖವಾಗಿ ಸಾಗಿತು. ಅವರು ನಿವೃತ್ತರಾಗಿ ಸಿಂಧನೂರಿನ ಮನೆಯಲ್ಲಿ ಕುಳಿತ ಮೇಲೆ ನನ್ನ ಕೈ ನೋಯತೊಡಗಿದೆ.

ಮಗಳನ್ನು ಮಸ್ಕಿಗೆ ಕೊಟ್ಟಿದ್ದೇವೆ. ಬೀಗರು, ಅಂದರೆ ಅವಳ ಮಾವ, ಅಲ್ಲಿ ಬಟ್ಟೆ ಅಂಗಡಿ ಇಟ್ಟವರು. ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಮದುವೆಯಾದ ಮೊದಲ ವರ್ಷ ನಾಗರ ಪಂಚಮಿಗೆ ಮಗಳು ತವರಿಗೆ ಬಂದು ಜೋಕಾಲಿ ಆಡಬೇಕು. ಅದಕ್ಕೆ ಅವಳ ಮಾವ ಮನಸ್ಸಿನಿಂದ "ಹ್ಞೂಂ" ಅನ್ನಬೇಕು. ಈ ವರ್ಷ ನನಗೆ ಬೇಕಾಗಿದ್ದದ್ದು ಅದೊಂದೇ "ಹ್ಞೂಂ". ಅದಕ್ಕೆ ನಮ್ಮನೆಯವರ ಹವ್ಯಾಸಗಳು ಒಂದರ ಹಿಂದೊಂದು ಅಡ್ಡ ಬಂದವು.

ಹೋಳಿಗೆಯ ಕಣಕ

ಮದುವೆಯ ನಂತರ ಬೀಗರು ಮೊದಲ ಸಲ ಊಟಕ್ಕೆ ಬರುವ ದಿನ. ಅಂಥ ಊಟಕ್ಕೆ ಹೋಳಿಗೆ ಇರಲೇಬೇಕು. ಬೆಳಿಗ್ಗೆ ಹೂರಣ ರುಬ್ಬಿ, ಕಣಕ ನಾದಿ, ಎಣ್ಣೆ ಸುರಿದು ಮುಚ್ಚಿಟ್ಟು ಸ್ನಾನಕ್ಕೆ ಹೋದೆ. ಆಗ ನಮ್ಮನೆಯವರಿಗೆ ಪಿಜ್ಜಾದ ಹುಚ್ಚು. ಹಿತ್ತಲಲ್ಲಿ ತಗಡಿನ ಡ್ರಮ್ಮಿಗೆ ಮಣ್ಣು ಮೆತ್ತಿ ಒಂದು ಒಲೆ ಕಟ್ಟಿದ್ದರು. ಪೂಜೆ ಮುಗಿಸಿ ಬಂದು ನೋಡಿದರೆ ಕಣಕದ ಪಾತ್ರೆ ಖಾಲಿ.

"ಕಣಕ ಎಲ್ಲಿ ಹೋತ್ರೀ?"

"ಎಂಥಾ ಜಬರದಸ್ತ್ ನಾದಿದ್ದಿ! ಪಿಜ್ಜಾಕ್ಕ ಹೇಳಿ ಮಾಡಿಸಿದಂಗ ಐತಿ."

"ಬೀಗರಿಗೆ ಹೋಳಿಗಿ?"

"ಹೋಳಿಗಿ ಎಲ್ಲಾರ ಮನ್ಯಾಗೂ ಉಂಡಿರ್ತಾರ. ಪಿಜ್ಜಾ ಯಾರು ಮಾಡಿ ಹಾಕ್ತಾರ ಅವರಿಗೆ?"

ಆ ಒಲೆ ಹೊಗೆ ಬಿಟ್ಟಿತೇ ಹೊರತು ಕಾಯಲಿಲ್ಲ. ಅಷ್ಟರಲ್ಲಿ ಬೀಗರು, ಬೀಗತಿ ಬಂದು ಕೈಕಾಲು ತೊಳೆದು ಕುಳಿತಾಗಿತ್ತು. ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆಗೆ ಮಗನ ಮೇಲೆ ಕರುಣೆ ಬಂತು. "ತಾ ಇಲ್ಲೆ ತಮ್ಮಾ, ಹಂಚಿನ ಮ್ಯಾಲೆ ಹಾಕಿ ಕೊಡ್ತೀನಿ" ಅಂದರು. ಟೊಮೆಟೊ, ಮೆಣಸಿನಕಾಯಿ, ಚೀಸ್ ಎಲ್ಲ ಹರಡಿ ಸಿಂಗರಿಸಿದ ಪಿಜ್ಜಾವನ್ನು ತಾಯಿಯ ಕೈಗೊಪ್ಪಿಸಿ ಇವರು ಹೊರಗೆ ಬೀಗರಿಗೆ ಅದರ ಪೂರ್ವಾಪರ ಹೇಳುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚುಂಯ್ ಎಂದು ಸದ್ದಾಯಿತು. ಇವರು ಓಡಿ ಬಂದರು.

"ಯವ್ವಾ, ಹೊಳ್ಳಿಸಿ ಹಾಕಿದೇನು?"

"ಮತ್ತ? ಒಂದ ಮಗ್ಗಲ ಬೇಯಿಸಿ ಬೀಗರಿಗೆ ಹಸೀದು ಹಾಕಬೇಕಿತ್ತೇನು?" ಅನ್ನುತ್ತ ಅತ್ತೆ, ಉಬ್ಬಲಿ ಎಂದು ಬಟ್ಟೆಯಿಂದ ಅದನ್ನು ಇನ್ನೊಮ್ಮೆ ಒತ್ತಿದರು.

ತಾಟಿಗೆ ಬಂದದ್ದನ್ನು ಬೀಗರು ಹಿಂದುಮುಂದು ತಿರುಗಿಸಿ ನೋಡಿದರು. ಬಹಳ ಮರ್ಯಾದೆಯಿಂದ ಕೇಳಿದರು: "ಇದರ ಮ್ಯಾಲಿನ ಮಗ್ಗಲ ಯಾವುದ್ರಿ, ಬೀಗರ?"

ನಮ್ಮನೆಯವರು ಅಷ್ಟೇ ಮರ್ಯಾದೆಯಿಂದ ಹೇಳಿದರು: "ಅದು ಹಂಚಿನ ಮ್ಯಾಲೆ ಉಳದೈತ್ರಿ."

ಮಾಳಿಗೆಯ ಮೇಲೆ ಸಿನಿಮಾ

ಮರುವಾರ ಮಗಳು ಫೋನು ಮಾಡಿದಳು. "ಅವ್ವಾ, ಮಾವ ಏನೂ ಅಂದಿಲ್ಲ. ಅತ್ತಿ ಮಾತ್ರ, ಹೆಣ್ಣು ಕೊಟ್ಟೋರ ಮನ್ಯಾಗ ಹೋಳಿಗಿ ಕಾಣಲಿಲ್ಲ ಅಂತ ಓಣಿ ತುಂಬ ಹೇಳಾಕತ್ತಾರ."

ಫೋನಿಟ್ಟವಳೇ ಇವರ ಮುಂದೆ ಹೋಗಿ ನಿಂತೆ. ನಮ್ಮನೆಯವರು ಶಾಂತವಾಗಿದ್ದರು. "ಇನ್ನೊಮ್ಮೆ ಕರಿಯೋಣ. ಹೋಳಿಗಿ ನೀ ಮಾಡು. ಊಟ ಆದಮ್ಯಾಲೆ ನಾ ಅವರಿಗೆ ಒಂದು ಚಲೋ ಸಿನಿಮಾ ತೋರಿಸ್ತೀನಿ" ಅಂದರು. ಅಷ್ಟರಲ್ಲಿ ಪಿಜ್ಜಾ ಮುಗಿದು ಪ್ರೊಜೆಕ್ಟರ್ ಬಂದಿತ್ತು.

ಹೋಳಿಗೆ ಉಂಡು ಬೀಗರ ಮುಖ ಸಡಿಲಾಯಿತು. ಕತ್ತಲಾಗುತ್ತಲೇ ಎಲ್ಲರೂ ಮಾಳಿಗೆ ಹತ್ತಿದೆವು. ತುರ್ವಿಹಾಳದ ಕಡೆಯ ಒಂದಿಷ್ಟು ರೈತರನ್ನೂ ಇವರು ಕರೆದಿದ್ದರು, ನೌಕರಿಯ ಕಾಲದ ಪರಿಚಯದವರು. ಸಿನಿಮಾ ಯಾವುದೋ ಪೂರ್ವದೇಶದ್ದು. ಒಬ್ಬ ಮುದುಕಿ, ಒಂದು ಭತ್ತದ ಗದ್ದೆ, ಅರ್ಧ ತಾಸಿಗೊಂದು ಮಾತು. ಮುದುಕಿಯ ದುಃಖ ಹೆಚ್ಚಾದಂತೆ ಹಿಂದಿನ ಸಾಲಿನಲ್ಲಿ ಗುಸುಗುಸು ಹೆಚ್ಚಾಯಿತು.

"ನಾಟಿ ಭಾಳ ಒತ್ತಾಗಿ ಹಚ್ಯಾರಲೇ."

"ಅದಿರ್ಲಿ, ನೀರು ನೋಡು. ಇವರು ಕಾಲುವಿ ಮ್ಯಾಲಿನ ಭಾಗದೋರು."

"ಮ್ಯಾಲಿನೋರು ಇಷ್ಟು ನೀರು ಹಿಡದ್ರ ಕೆಳಗಿನೋರು ಏನು ಮಾಡ್ಬೇಕ್ರೀ ಸಾಹೇಬ್ರ?"

ಇದೇ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಿವೃತ್ತಿಯ ದಿನ ಎಣಿಸಿದ್ದ ಸಾಹೇಬರು ಕತ್ತಲಲ್ಲಿ ಹಲ್ಲು ಕಡಿದರು. ಕೊನೆಗೆ ಮುದುಕಿ ಗದ್ದೆಯ ಬದುವಿನ ಮೇಲೆ ಸತ್ತಳು. ಇವರು ಕಣ್ಣೊರೆಸಿಕೊಂಡು ಎದ್ದು ನಿಂತು, "ಏನನಿಸ್ತು ಎಲ್ಲಾರಿಗೂ?" ಎಂದರು.

ಒಬ್ಬ ರೈತ ನಿಟ್ಟುಸಿರು ಬಿಟ್ಟ. "ಭಾಳ ಕೆಟ್ಟನಿಸ್ತ್ರೀ. ನಾಟಿ ಇನ್ನೂ ಅರ್ಧ ಉಳದಿತ್ತು."

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ದೀಪ ಹಾಕಿದಾಗ ಬೀಗರು ಕುರ್ಚಿಯಿಂದೆದ್ದು ನಿಧಾನ ಪರದೆಯ ಹತ್ತಿರ ಹೋದರು. ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ವ್ಯಾಪಾರದವರು ಮಾಡುವಂತೆ ಉಜ್ಜಿ ನೋಡಿದರು. ಆಗ ನನಗೂ ಜರಿಯಂಚು ಕಂಡಿತು. ಮದುವೆಯಲ್ಲಿ ಬೀಗರು ತಮ್ಮ ಕೈಯಾರೆ ಇವರಿಗೆ ಆಯೇರಿ ಮಾಡಿ ಕೊಟ್ಟ ಧೋತರ ಅದು. ನಾಲ್ಕೂ ಮೂಲೆಗೆ ಮೊಳೆ.

"ಇದು ನಮ್ಮದಲ್ಲೇನ್ರಿ?"

"ನಿಮ್ಮದ ರೀ!" ನಮ್ಮನೆಯವರು ಹಿಗ್ಗಿನಿಂದ ಹೇಳಿದರು. "ಎಷ್ಟು ಬೆಡ್‌ಶೀಟ್ ಕಟ್ಟಿ ನೋಡಿದೆ, ಯಾವುದ್ರ ಮ್ಯಾಲೂ ಇಷ್ಟು ಚಲೋ ಕಾಣಲಿಲ್ಲ. ನೀವು ಕೊಟ್ಟಾಗ ಇದು ಇಂಥಾದ್ದಕ್ಕ ಬರ್ತೈತಿ ಅಂತ ಗೊತ್ತಿರಲಿಲ್ಲ ನೋಡ್ರಿ."

ಲಿಂಗಸುಗೂರಿಗೆ ಸವಾರಿ

ಆಮೇಲೆ ಸೈಕಲ್ಲು. ಸೈಕಲ್ಲಿಗಿಂತ ಅದರ ಸಾಮಾನು ಹೆಚ್ಚು. ಹೆಲ್ಮೆಟ್ಟು, ಕೈಗೆ ಚೀಲದಂಥ ಗವಸು, ಕಣ್ಣಿಗೆ ಕನ್ನಡಿಯಂಥ ಚಶ್ಮಾ, ಕೂರುವ ಜಾಗದಲ್ಲಿ ಮೆತ್ತೆ ಹೊಲಿದ ಬಿಗಿಯಾದ ಕರಿ ಚಡ್ಡಿ. ಅದನ್ನು ಒಗೆದು ಹಿತ್ತಲಲ್ಲಿ ಒಣಹಾಕುವುದಕ್ಕೆ ನನಗೆ ನಾಚಿಕೆ. ಅದರ ಮೇಲೊಂದು ಟವೆಲ್ಲು ಹೊದಿಸುತ್ತೇನೆ.

ಒಂದು ಬೆಳಿಗ್ಗೆ ಈ ವೇಷದಲ್ಲಿ ಲಿಂಗಸುಗೂರಿನ ನನ್ನ ತಂಗಿಯ ಮನೆಗೆಂದು ಹೊರಟರು. ಮಸ್ಕಿ ದಾಟಿದ ಮೇಲೆ ಏರಿನಲ್ಲಿ ಇಳಿದು ಏದುಸಿರು ಬಿಡುತ್ತಿದ್ದಾಗ ಹಿಂದಿನಿಂದ ಕುರಿ ತುಂಬಿದ ಟೆಂಪೋ ಬಂತು. ಗುರುಗುಂಟಾದ ಕಡೆಯವನಂತೆ ಚಾಲಕ. ಇವರು ಬೇಡ ಬೇಡವೆಂದರೂ ಕೇಳದೆ, ಸೈಕಲ್ಲನ್ನೂ ಇವರನ್ನೂ ಕುರಿಗಳ ನಡುವೆ ಹತ್ತಿಸಿಕೊಂಡು, ತಂಗಿಯ ಬಾಗಿಲಿಗೇ ತಂದು ಬಿಟ್ಟ. ಹೋಗುವಾಗ ಅವಳನ್ನು ಆಚೆ ಕರೆದು, "ಅಕ್ಕಾರ, ಈ ವಯಸ್ಸಿನಾಗ ಸೈಕಲ್ ತುಳಿಯಾಕ ಹಚ್ಯಾರ. ಮಕ್ಕಳು ನೋಡಂಗಿಲ್ಲ ಅಂತ ಕಾಣ್ತೈತಿ. ಮೊದಲ ಒಂದಿಷ್ಟು ಉಣ್ಣಾಕ ಹಾಕ್ರಿ" ಎಂದು ಹೇಳಿ ಹೋದನಂತೆ.

ತಂಗಿ ನಗುತ್ತ ಫೋನಿನಲ್ಲಿ ಇದನ್ನು ಹೇಳುತ್ತಿರುವಾಗಲೇ ಮಗಳ ಫೋನು ಬಂತು. ಅವಳು ನಗುತ್ತಿರಲಿಲ್ಲ.

"ಅವ್ವಾ, ಅಪ್ಪ ಇವತ್ತ ಅಂಗಡಿ ಮುಂದ ಹಾದು ಹೋದ್ರಂತ. ಮಾವ ಎದ್ದು ನಿಂತು ಕೈ ಮುಗದ್ರ ಹೊಳ್ಳಿ ಸುದ್ದಾ ನೋಡಲಿಲ್ಲಂತ."

ಸಂಜೆ ಇವರನ್ನು ಕೇಳಿದೆ. "ಎಲ್ಲೆ ನೋಡೋದು? ಹೊಸ ಚಶ್ಮಾ, ಎಲ್ಲಾ ಹಳದಿ ಕಾಣ್ತಿತ್ತು" ಅಂದರು.

ಹೊಸ ಬೂಟು

ಪಂಚಮಿ ಹತ್ತಿರ ಬಂತು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಬುಟ್ಟಿ ತುಂಬಿದೆ. "ನಾಳೆ ಮಸ್ಕಿಗೆ ಹೋಗಿ ಮಗಳನ್ನ ಕಳಿಸ್ರಿ ಅಂತ ಕೇಳೋಣು. ಶಾಣ್ಯಾರಂಗ ಬಸ್ಸಿನಾಗ ನನ್ನ ಮಗ್ಗಲ ಕುಂತು ಬರ್ರಿ" ಅಂದೆ. ಬಾಯಲ್ಲಿ ಹೂಂ ಅಂದರು. ಬೆಳಿಗ್ಗೆ ನೋಡಿದರೆ ಹೊಸ ಬೂಟು ಹಾಕಿಕೊಂಡು ನಿಂತಿದ್ದಾರೆ.

ಆ ಬೂಟಿನ ಅಡಿಗೆ ಒಂದು ಕೊಂಡಿ. ಪೆಡಲಿನಲ್ಲಿ ಅದು ಕಟ್ಟೆಂದು ಕಚ್ಚಿಕೊಂಡರೆ ಹಿಮ್ಮಡವನ್ನು ಹೊರಗೆ ತಿರುವುವ ತನಕ ಬಿಡುವುದಿಲ್ಲ. ಅದರ ಜೊತೆ ಬಂದ ಸೂಚನೆಗಳನ್ನು ಓದಿ ಹೇಳಿದ್ದು ನಾನೇ. ಅವರು ಓದುವವರಲ್ಲ. "ನೀ ಬುಟ್ಟಿ ತಗೊಂಡು ಬಸ್ಸಿಗೆ ಬಾ, ನಾ ಬಂದೇ ಬಿಟ್ಟೆ" ಎಂದು ಹೊರಟೇ ಹೋದರು. ಜಗಳಕ್ಕೂ ತ್ರಾಣವಿರಲಿಲ್ಲ ನನಗೆ.

ಬಸ್ಸಿಳಿದು ಬೀಗರ ಅಂಗಡಿಗೆ ಹೋಗಿ ಗಾದಿಯ ತುದಿಗೆ ಕುಳಿತೆ. ಚಹಾ ಬಂತು. ಬೀಗರು ಬಟ್ಟೆ ಅಳೆಯುತ್ತಲೇ ಇದ್ದರು. ಕಡೆಗೆ ನಾನೇ ಕೇಳಿದೆ.

"ಪಂಚಮಿಗೆ ಗಿರಾಕಿ ಭಾಳ ಇರ್ತಾರ್ರೀ" ಎಂದರು ಅವರು, ತಲೆಯೆತ್ತದೆ. "ಮನ್ಯಾಗ ಸೊಸಿ ಬೇಕಾಗ್ತಾಳ. ಮುಂದಿನ ವರ್ಷ ನೋಡೋಣ್ರಿ."

ಅಂಗಡಿಯ ಹಿಂದೆಯೇ ಮನೆ; ಒಳಬಾಗಿಲಲ್ಲಿ ಅತ್ತೆಯ ಜೊತೆ ನಿಂತಿದ್ದ ಮಗಳು ಮುಖ ಆಚೆ ತಿರುಗಿಸಿದಳು. ಉಂಡಿಯ ಬುಟ್ಟಿಯನ್ನು ಕೊಟ್ಟು ಹೋಗುವುದೋ, ವಾಪಸು ಒಯ್ಯುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಗಂಟೆಯ ಸದ್ದು. ಹೆಲ್ಮೆಟ್ಟು, ಚಶ್ಮಾ, ಚಡ್ಡಿ ಸಮೇತ ನಮ್ಮನೆಯವರು. ಹಿಂದಿನ ತಪ್ಪು ಆಗಬಾರದೆಂದು ಈ ಸಲ ಚಶ್ಮಾ ಮೇಲೇರಿಸಿ, ಅಂಗಡಿಯ ಮೆಟ್ಟಿಲಿಗೇ ಸೈಕಲ್ಲು ತಂದು ಬ್ರೇಕು ಹಿಡಿದರು. ಬೀಗರು ಬೇಡದ ಮನಸ್ಸಿನಿಂದ ಮೆಟ್ಟಿಲಿಳಿದರು. ಇವರು ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿ "ಶರಣ್ರೀ ಬೀಗರ" ಅಂದರು. ಕಾಲು ಕೆಳಗಿಡಲು ಹೋದರು. ಕಾಲು ಬರಲಿಲ್ಲ. ಜೋಡಿಸಿದ ಕೈ ಜೋಡಿಸಿದಂತೆಯೇ, ಕಡಿದ ಮರದಂತೆ ವಾಲಿ, ಬೀಗರ ಪಾದದ ಮೇಲೆ ಬಿದ್ದರು.

ಇಡೀ ಬಜಾರು ನೋಡಿತು.

"ಅಯ್ಯಯ್ಯೋ! ಏನ್ರೀ ಇದು! ಅಷ್ಟು ದೊಡ್ಡ ಸಾಹೇಬ್ರು ನನ್ನ ಕಾಲಿಗೆ! ಏಳ್ರಿ, ಏಳ್ರಿ!" ಬೀಗರು ನಡುಗಿಹೋದರು.

ಇವರು ಏಳಲಿಲ್ಲ. ಎರಡೂ ಬೂಟು ಪೆಡಲಿನಲ್ಲಿ. ಬಿದ್ದಲ್ಲೇ ಹೊರಳಾಡಿ "ಹ್ಞಾಂ… ಹ್ಞಾಂ…" ಎನ್ನತೊಡಗಿದರು.

"ಅಳಾಕತ್ತಾರಲ್ರೀ!" ಬೀಗತಿ ಸೆರಗು ಕಣ್ಣಿಗೊತ್ತಿಕೊಂಡರು. "ಹೋಳಿಗಿ ಮಾತು ನಾ ಆಡಬಾರದಿತ್ತು."

"ನಿಮ್ಮ ಮಗಳನ್ನ ಕಳಿಸ್ತೀನ್ರೀ, ಏಳ್ರಿ!" ಬೀಗರು ಕೂಗಿದರು. ಇವರು ಏಳಲಿಲ್ಲ. "ನಿಮ್ಮ ಅಳಿಯನ್ನೂ ಕಳಿಸ್ತೀನಿ!" ಇನ್ನೂ ಏಳಲಿಲ್ಲ. "ಪಂಚಮಿ ಅಷ್ಟ ಅಲ್ಲರೀ, ಶ್ರಾವಣ ಮುಗಿಯೋತನಕಾ ಇಟ್ಕೊಳ್ರಿ! ನನ್ನ ಕಾಲು ಬಿಡ್ರಿ!"

ಶ್ರಾವಣ ಮುಗಿಯುವ ತನಕ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಎದ್ದು ಹೋಗಿ, ಪಾದ ಮುಟ್ಟುವವಳಂತೆ ಬಗ್ಗಿ, ಇವರ ಹಿಮ್ಮಡ ಹಿಡಿದು ಹೊರಗೆ ತಿರುವಿದೆ. ಕಟ್ಟೆಂದು ಬಿಟ್ಟಿತು.

ಮಗಳು ಶ್ರಾವಣ ಪೂರ್ತಿ ಇದ್ದು ಜೋಕಾಲಿ ಆಡಿ ಹೋದಳು. ನಮ್ಮನೆಯವರದು ಒಂದೇ ಹಟ: "ಬೂಟು ಪೆಡಲಿನಾಗ ಸಿಕ್ಕಿಬಿದ್ದಿತ್ತು ಅಂತ ಬೀಗರಿಗೆ ಖರೇ ಹೇಳಿಬಿಡ್ತೀನಿ." ನಾನು ಬಿಟ್ಟಿಲ್ಲ. ಈಗ ಮಸ್ಕಿಯಲ್ಲಿ ಇವರ ಸೈಕಲ್ಲು ಕಂಡರೆ ಸಾಕು, ಬೀಗರು ಅಂಗಡಿಯಿಂದ ಓಡಿ ಬಂದು ನಡುರಸ್ತೆಯಲ್ಲೇ ಇವರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, "ಬ್ಯಾಡ್ರಿ ಬೀಗರ, ಏನು ಬೇಕು ಬಾಯಿಲೆ ಹೇಳ್ರಿ" ಅನ್ನುತ್ತಾರೆ.

ದೀಪಾವಳಿಗೂ ಮಗಳನ್ನು ಕರೆಯುವುದಿದೆ. ಬೂಟಿನ ಧೂಳು ನಾನೇ ಒರೆಸಿಟ್ಟಿದ್ದೇನೆ.