ಮಾವನವರಿಗೆ ಕೊಟ್ಟ ಹಳದಿ ಗುಳಿಗೆ

ನೆಗಡಿಯನ್ನು ರೋಗವೆಂದು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲ್ಲು ನೋವಿಗೆ ಡಾಕ್ಟರು ಬೇಕು, ಕಣ್ಣುರಿಗೆ ಡಾಕ್ಟರು ಬೇಕು. ನೆಗಡಿಗೆ ಮಾತ್ರ ಎದುರಿಗೆ ಸಿಕ್ಕವರೆಲ್ಲ ಡಾಕ್ಟರು. ಅಂಥವರಲ್ಲಿ ನಾನೂ ಒಬ್ಬ, ಅದೂ ಔಷಧ ಸಮೇತ. ಧಾರವಾಡದ ಕೆಲಗೇರಿಯ ನಮ್ಮ ಮನೆಯ ಕಪಾಟಿನಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿತ್ತು. ಔಷಧದ ಅಂಗಡಿಯವನು ಕತ್ತರಿಯಿಂದ ಕತ್ತರಿಸಿ ಕೊಟ್ಟ ಗುಳಿಗೆ ಪಟ್ಟಿಯ ತುಂಡುಗಳೆಲ್ಲ ಅದರಲ್ಲಿ ವಾಸ. ಕತ್ತರಿಸುವಾಗ ಹೆಸರು ಒಂದು ತುಂಡಿಗೆ ಹೋಗಿ, ಗುಳಿಗೆ ಇನ್ನೊಂದರಲ್ಲಿ ಉಳಿದಿರುತ್ತಿತ್ತು. ನನಗೇನು ಹೆಸರು ಬೇಕಿರಲಿಲ್ಲ. ಹಳದಿ ಮೂಗಿಗೆ, ಬಿಳಿ ಮೈನೋವಿಗೆ, ಸೀಸೆಯ ಕೆಂಪು ಔಷಧ ಕೆಮ್ಮಿಗೆ. ಓಣಿಯವರು ಯಾರೇ ಸೀನುತ್ತ ಬಂದರೂ ಬರಿಗೈಯಲ್ಲಿ ಕಳಿಸಿದವನಲ್ಲ. "ಸರ್ ಕೈಗುಣ ಭಾಳ ಛಲೋ ಐತ್ರಿ" ಎಂದು ಯಾರೋ ಒಮ್ಮೆ ಅಂದರು, ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ನೆಗಡಿ ತಾನಾಗಿಯೇ ಹೋಗುತ್ತಿತ್ತು, ಹೆಸರು ನನಗೆ ಬರುತ್ತಿತ್ತು.

ಹೊಟ್ಟೆಪಾಡಿಗೆ ನಾನು ಮಾಡುವುದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಮದುವೆಯ ಕರೆಯೋಲೆ ಬಂದರೂ ಮೊದಲು ಅದರ ತಪ್ಪು ಹುಡುಕಿ, ಆಮೇಲೆ ಮದುವೆ ಯಾರದೆಂದು ನೋಡುವ ಚಟ ನನ್ನದು. ಚುರುಮುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತೇನೆ. ಇಂಥವನು ಗುಳಿಗೆ ಪಟ್ಟಿಯ ಬೆನ್ನಿಗಿರುವ ಸಣ್ಣ ಅಕ್ಷರವನ್ನು ಮಾತ್ರ ಯಾಕೆ ಓದಲಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಈಗಲೂ ಕೇಳುತ್ತಾಳೆ.

ಗಿರಿಜಾಳ ತಂದೆ, ಅಂದರೆ ನಮ್ಮ ಮಾವನವರು, ಹುಬ್ಬಳ್ಳಿಯ ಕಮರಿಪೇಟೆಯವರು. ಹತ್ತಿ ವ್ಯಾಪಾರವನ್ನು ಗಂಡುಮಕ್ಕಳಿಗೆ ಒಪ್ಪಿಸಿ ಪೂಜೆ, ಓದು ಎಂದು ಆರಾಮಾಗಿರುವವರು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಒಳಗೆ ಬಂದರೆ ತಲೆಯ ಮೇಲೆ ಟೊಪ್ಪಿಗೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನೂ ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ನಮ್ಮಿಬ್ಬರ ನಡುವೆ ಮಾತೆಂದರೆ ಮಳೆ, ಬೆಳೆ, ಬಸ್ಸು. ಅದಕ್ಕಿಂತ ಒಳಗೆ ಇಬ್ಬರೂ ಇಳಿದಿರಲಿಲ್ಲ. ಇನ್ನೊಂದು ವಿಷಯವೆಂದರೆ, ಅಳಿಯ ಕೊಟ್ಟದ್ದನ್ನು ಅವರು ಬೇಡ ಅನ್ನುವುದಿಲ್ಲ. ಹಾಗೆ ಅನ್ನುವುದು ಅಳಿಯನಿಗೆ ಮಾಡಿದ ಅವಮಾನವೆಂದು ಅವರು ತಿಳಿದಿದ್ದಾರೆ.

ಈಚೆಗೆ ಅವರು ಮಗಳ ಮನೆಗೆಂದು ಬಂದರು. ಧಾರವಾಡದ ತಂಪು ಗಾಳಿಗೆ ಮರುದಿನ ಬೆಳಿಗ್ಗೆಯೇ ಸೀನತೊಡಗಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸೀನು ಕೇಳಿ ನನಗೆ ಖುಷಿಯಾಯಿತು. ಮಾವನವರ ಎದುರು ಕೈಗುಣ ತೋರಿಸುವ ಅವಕಾಶ ಎಷ್ಟು ಜನ ಅಳಿಯಂದಿರಿಗೆ ಸಿಗುತ್ತದೆ? ಡಬ್ಬಿ ತಂದು ಹಳದಿ ಗುಳಿಗೆ ಕೊಟ್ಟೆ. ಮೈ ಕೈ ನೋವು ಅಂದರು, ಬಿಳಿಯದನ್ನೂ ಕೊಟ್ಟೆ. ಮಧ್ಯಾಹ್ನ ಒಮ್ಮೆ ಕೆಮ್ಮಿದ್ದೇ ತಡ, ಕೆಂಪು ಔಷಧ ಹಾಕಿದೆ, ಜೊತೆಗೆ ಮತ್ತೊಂದು ಹಳದಿ. "ಗುಳಿಗಿ ಕೆಲಸ ಮಾಡಬೇಕಂದ್ರ ಮ್ಯಾಲ ಬಿಸಿನೀರು ಬೀಳಬೇಕ್ರಿ ಮಾವಾರ" ಎಂದು ಲೋಟದ ಮೇಲೆ ಲೋಟ ಬಿಸಿನೀರು, ನಡುವೆ ಶುಂಠಿ ಕಷಾಯ. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕುಡಿದರು. ಮೂಗು ಒಣಗಿತು. ಆದರೆ ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು ಸುರುವಾಯಿತು. "ನೋಡು, ಮೈಯಾಗಿನ ಕೆಟ್ಟದ್ದೆಲ್ಲಾ ಹೊರಗ ಹೊಂಟೈತಿ" ಎಂದು ಗಿರಿಜಾಳಿಗೆ ಹೆಮ್ಮೆಯಿಂದ ಹೇಳಿದೆ. ಹೊರಗೆ ಏನೂ ಹೋಗುತ್ತಿರಲಿಲ್ಲವೆಂದು ನನಗೇನು ಗೊತ್ತು!

ಸಂಜೆಯ ಹೊತ್ತಿಗೆ ಮಾವನವರು ಕೂರಲಾರದೆ, ನಿಲ್ಲಲಾರದೆ ಗೋಡೆ ಹಿಡಿದು ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. "ನಾ ಹುಬ್ಬಳ್ಳಿಗೆ ಹೋಗ್ತೇನ್ರಿ ಅಳಿಯಾವ್ರ, ಲಗೂ ಬಸ್ ಹಿಡೀತೇನಿ" ಅಂದರು. ನಾನೋ ಮಹಾರಾಯ, "ಇದೊಂದು ಲೋಟಾ ಕುಡದು ಹೋಗೀರಂತ" ಎಂದು ಕಷಾಯ ಮುಂದೆ ಹಿಡಿದೆ. ಅದನ್ನೂ ಈಸಿಕೊಂಡರು. ಗಿರಿಜಾ ಬಂದು ಲೋಟ ಕಸಿದಳು.

"ಅಪ್ಪಾ, ಹೊಟ್ಟಿ ಯಾಕ ಹಿಡ್ಕೊಂಡೀ? ಖರೇ ಹೇಳು."

ಅವರು ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳಿದರು. "ಮುಂಜಾನಿಂದ ಒಂದಕ್ಕ ಆಗವಲ್ದು ಯವ್ವಾ."

ಆ ದಾರಿಯ ತೊಂದರೆ ಅವರಿಗೆ ಮೊದಲಿಂದಲೂ ಇತ್ತಂತೆ. ವಯಸ್ಸಿಗೆ ಮೂತ್ರದ ದಾರಿಯ ಗ್ರಂಥಿ ಊದಿದೆ ಎಂದು ಗಂಡುಮಕ್ಕಳು ಹುಬ್ಬಳ್ಳಿಯಲ್ಲಿ ತೋರಿಸಿದ್ದರಂತೆ. ಅದು ಹೆಣ್ಣುಮಕ್ಕಳಿಗಾಗಲಿ, ಅಳಿಯನಿಗಾಗಲಿ ಹೇಳುವ ಮಾತೆ? ಕೊಡುವವನಾದ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಸತ್ತೂರಿನ ಕಡೆ ಒಂದು ದವಾಖಾನೆಗೆ ರಿಕ್ಷಾದಲ್ಲಿ ಓಡಿದೆವು. ರಸ್ತೆಯ ಪ್ರತಿ ಉಬ್ಬಿಗೂ ಮಾವನವರು "ಶಿವಾ" ಅನ್ನುತ್ತಿದ್ದರು, ಪ್ರತಿ ಶಿವನೂ ನನ್ನನ್ನೇ ನೋಡಿದಂತಾಗುತ್ತಿತ್ತು. ಒಳಗೆ ನಳಿಗೆ ಹಾಕಿ ಕಟ್ಟಿದ್ದನ್ನು ಬಿಡಿಸಿದ ಮೇಲೆ ಅವರ ಮುಖಕ್ಕೆ ಜೀವ ಬಂತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಅಜ್ಜಾರ, ಹೊಸಾ ಗುಳಿಗಿ ಏನರ ತಗೊಂಡಿದ್ರೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನವರು, "ಹೌದ್ರಿ, ನಾನೇ ತಗೊಂಡೆ. ಬಸ್ ಸ್ಟ್ಯಾಂಡಿನ ಅಂಗಡ್ಯಾಗ. ನಂದೇ ತಪ್ಪು" ಅಂದರು.

ಅಳಿಯನ ಮರ್ಯಾದೆ ಉಳಿಸಲು ಆ ಹಿರಿಯರು ಹಾಸಿಗೆಯಲ್ಲಿ ಮಲಗಿಕೊಂಡು ಸುಳ್ಳು ಹೇಳಿದರು. ನಾನು ಏನು ಮಾಡಿದೆ ಗೊತ್ತೆ? ಹೌದೆಂದು ತಲೆ ಆಡಿಸಿದೆ. ಗುಳಿಗೆ ಕೊಟ್ಟದ್ದು ದಡ್ಡತನ ಎನ್ನಿ; ಈ ತಲೆ ಆಡಿಸಿದ್ದನ್ನು ನೆನೆದರೆ ಇವತ್ತಿಗೂ ಮುಖ ಎಲ್ಲಿಡಲಿ ಅನಿಸುತ್ತದೆ. "ಯಾವ ಗುಳಿಗಿ ಅಂತ ಗೊತ್ತಾಗಬೇಕಲ್ರಿ" ಎಂದು ಡಾಕ್ಟರಮ್ಮ ಅಂದಾಗ ಮಾವನವರು ತಬ್ಬಿಬ್ಬಾದರು. ಗಿರಿಜಾ ಸುಮ್ಮನೆ ನನ್ನ ಅಂಗಿಯ ಕಿಸೆ ನೋಡಿದಳು. ರಾತ್ರಿಗೆ ಕೊಡಲೆಂದು ಇಟ್ಟುಕೊಂಡಿದ್ದ ಹಳದಿ ಗುಳಿಗೆಯ ತುಂಡು ಅದರಲ್ಲಿ ಇಣುಕುತ್ತಿತ್ತು. ತೆಗೆದುಕೊಟ್ಟೆ.

"ಬಸ್ ಸ್ಟ್ಯಾಂಡಿಂದ ನಿಮ್ಮ ಕಿಸೆಯೊಳಗ ಹೆಂಗ ಬಂತ್ರಿ ಇದು?" ಎಂದರು ಡಾಕ್ಟರಮ್ಮ.

ಬಿಳಿ ಗುಳಿಗೆ, ಕೆಂಪು ಔಷಧ, ಬಿಸಿನೀರು, ಕಷಾಯ ಎಲ್ಲವನ್ನೂ ಗಿರಿಜಾ ಒಂದೊಂದಾಗಿ ಹೇಳಿದಳು. ಅವರು ತುಂಡನ್ನು ಹೊರಳಿಸಿ, ಬೆನ್ನಿಗೆ ಅಳಿದುಳಿದ ಅಕ್ಷರ ಓದಿದರು. "ಇದು ಒಂದು ಔಷಧ ಅಲ್ರಿ, ಒಂದು ಗುಳಿಗ್ಯಾಗ ಮೂರು ಅದಾವ. ಮೂಗು ಸೋರೋದು ನಿಂದರಸೋದು, ಕಟ್ಟಿದ ಮೂಗು ಬಿಡಸೋದು, ಜ್ವರದ್ದು. ಮೊದಲಿನವೆರಡೂ ವಯಸ್ಸಾದವರಿಗೆ ಕೆಳಗಿನ ದಾರಿ ಕಟ್ಟಸತಾವ, ಬಿ.ಪಿ.ನೂ ಏರಬಹುದು. ಕೆಮ್ಮಿನ ಔಷಧದಾಗೂ ಭಾಳ ಸಲ ಇವೇ ಇರ್ತಾವ. ಬಿಳೇದು ಬ್ಯಾರೆ ಕೊಟ್ಟಿದ್ರ ಜ್ವರದ್ದು ಎರಡು ಪಟ್ಟು ಹೋಗಿರತೈತಿ, ಅದು ಲಿವರಿಗೆ ಛಲೋ ಅಲ್ಲ. ಮ್ಯಾಲ ಅಷ್ಟು ನೀರು! ಇನ್ನೂ ತಡಾ ಮಾಡಿದ್ರ ಕಿಡ್ನಿಗೆ ಪೆಟ್ಟು ಬೀಳತಿತ್ತು." ಚೀಟಿಯಿಲ್ಲದೆ ಸಿಗುವ ಔಷಧಕ್ಕೆ ಅಪಾಯವೂ ಇಲ್ಲವೆಂದು ನಾನು ನಂಬಿದ್ದೆ. ಮೂಗಿನ ಔಷಧ ಮೂಗಿನಲ್ಲೇ ನಿಲ್ಲುತ್ತದೆ ಎಂದೂ ನಂಬಿದ್ದೆ.

ಡಬ್ಬಿಯಲ್ಲಿ ಈಗ ಸೂಜಿ ದಾರ ಇದೆ. ಓಣಿಯವರು ಸೀನುತ್ತ ಬಂದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ. ಸರ್‌ಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಳ್ಳುತ್ತಾರಂತೆ.

ಮೊನ್ನೆ ಕಮರಿಪೇಟೆಗೆ ಹೋಗಿದ್ದಾಗ ನನಗೇ ನೆಗಡಿ. ಒಂದು ಸೀನಿಗೆ ಮಾವನವರು ಒಳಗಿಂದ ಮೆಣಸಿನ ಕಷಾಯ ತರಿಸಿದರು. ಕುಡಿದೆ. ಇನ್ನೊಂದು ಲೋಟ ಬಂತು. ಮಾವನವರು ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಮೂರನೆಯದು ಮುಗಿಯುವಷ್ಟರಲ್ಲಿ ನನಗೆ ತಡೆಯದಾಯಿತು. ಬಚ್ಚಲಿಗೆ ಅವರ ಮಂಚದ ಮುಂದೆಯೇ ಹಾಯ್ದು ಹೋಗಬೇಕು. ಮೊಣಕಾಲು ಜೋಡಿಸಿಕೊಂಡು ಹತ್ತಿಯ ಧಾರಣೆ ಕೇಳುತ್ತ ಕೂತೆ.

"ಅಳಿಯಾವ್ರ, ಎದ್ದು ಹೋಗಿ ಬರ್ರಿ" ಅಂದರು ಮಾವನವರು. "ನಾಚಿಗೊಂಡ್ರ ಏನಾಗತೈತಿ ಅಂತ ನನ್ನ ನೋಡೀರಲ್ಲ."

ಹೋಗಿ ಬಂದೆ. ಅಷ್ಟು ದೊಡ್ಡ ಮನಸ್ಸಿನವರೆದುರು ಇವತ್ತಾದರೂ ತಪ್ಪೊಪ್ಪಿಕೊಳ್ಳಬೇಕು ಎಂದು ಧೈರ್ಯ ಮಾಡಿ, "ಮಾವಾರ, ಅವತ್ತು ದವಾಖಾನ್ಯಾಗ ನೀವು ಸುಳ್ಳು ಹೇಳಿದಾಗ ನಾನು..." ಎಂದು ಸುರು ಮಾಡಿದೆ.

ಅವರು ಟೊಪ್ಪಿಗೆ ಮುಟ್ಟಿ ನೋಡಿಕೊಂಡು, "ಧಾರವಾಡದ ಕಡೆ ಮಳಿ ಹೆಂಗೈತ್ರಿ?" ಅಂದರು.

"ಛಲೋ ಐತ್ರಿ" ಎಂದು ತಲೆ ಆಡಿಸಿದೆ. ಕೆಲಗೇರಿಯಲ್ಲಿ ತಿಂಗಳಿಂದ ಒಂದು ಹನಿ ಬಿದ್ದಿರಲಿಲ್ಲ.