ರೇಸಿನ ಗಾಡಿಯ ಕಳ್ಳತೂತು

ಗಾಡಿ ಹೊಡಿಯಾಂವನ ಹಣೇಬರಹದಾಗ ನಗಿಪಾಟ್ಲು ಬರದಽ ಇರ್ತೈತಿ ನೋಡ್ರಿ. ಎತ್ತು ಬಿಟ್ಟು ಮೋಟಾರು ಹಿಡಿದ್ರ ಶ್ಯಾಣ್ಯಾ ಆದ ಅಂತಾರ ಮಂದಿ. ಎತ್ತು ಹೊಡ್ಯಾಕತ್ತಾಗ ನನ್ನ ನೋಡಿ ಒಬ್ಬರೂ ನಕ್ಕಿದ್ದಿಲ್ಲ.

ಎರಡನೇ ಮಹಾಯುದ್ಧ ಸುರು ಆಗೂದಕ್ಕಿಂತ ಮೊದಲಿನ ಮಾತಿದು. ಧಾರವಾಡದ ಬಿಳಿ ಸಾಹೇಬನೊಬ್ಬ ವಿಲಾಯ್ತಿಗೆ ಹೊಂಟಾಗ, ಹಾನಗಲ್ಲಿನ ನಮ್ಮ ಸಾವ್ಕಾರ್ರು ಅವನ ರೇಸಿನ ಗಾಡಿ ತಗೊಂಡ್ರು. ಎರಡಽ ಕುರ್ಚಿ, ಮ್ಯಾಲ ಛತ್ತಿಲ್ಲ, ಉದ್ದನ್ನ ಮೂತಿ. ಅವರ ಚಕ್ಕಡಿ ಹೊಡೀತಿದ್ದ ನನ್ನ ಹುಬ್ಬಳ್ಳಿಗೆ ಕಳಿಸಿ ಮೋಟಾರು ಕಲಿಸಿದ್ರು. ಆ ಗಾಡಿ ಅಂದ್ರ ನನಗ ಜೀವ. ಹೇಣ್ತಿ ಸುದ್ದಾ ಅದರ ಮ್ಯಾಲ ಹೊಟ್ಟಿಕಿಚ್ಚು ಪಡತಿದ್ಳು.

೧. ನಾಯಿ ಮ್ಯಾಲಿನ ಆಪಾದನಿ

ಒಂದಿನ ಮುಂಜಾನೆ ನೋಡಿದ್ರ ಗಾಡಿ ಬುಡಕ ಅಂಗೈಯಷ್ಟು ಹಸಿ. ಸಾವ್ಕಾರ್ರು ಹಿಂದ ಮುಂದ ನೋಡ್ಲಿಲ್ಲ, ಇದು ನಮ್ಮನಿ ನಾಯೀದಽ ಕೆಲಸ ಅಂತ ತೀರ್ಪು ಕೊಟ್ರು. ನಾಯಿನ್ನ ಹಿತ್ತಲದಾಗ ಕಟ್ಟಿದ್ವಿ. ಮರುದಿನಾನೂ ಹಸಿ. ಹಗ್ಗ ಉದ್ದ ಆಗೈತಿ ಅಂತ ಮೋಟು ಮಾಡಿಸಿದ್ರು. ಮತ್ತ ಹಸಿ. ಕಡೀಕ ಸಿಟ್ಟಿಗೆದ್ದು ಆ ಬಡಪಾಯಿನ್ನ ಮಾಸೂರಿನ ತಂಗಿ ಮನಿಗೆ ಕಳಿಸಿಬಿಟ್ರು. ಅವತ್ತೂ ಹಸಿ.

ನಾ ಬೆರಳು ಅದ್ದಿ ಮೂಸಿ ನೋಡಿದೆ. ಬರೇ ನೀರು, ತುಕ್ಕಿನ ವಾಸನಿ. ಇದು ಇಂಜಿನ್ ತಂಪು ಮಾಡೋ ನೀರ್ರಿ, ಗಾಡೀನಽ ಸೋರಾಕತ್ತೈತಿ ಅಂದೆ. ಸಾವ್ಕಾರ್ರು ಗಾಡಿ ನೋಡಿದ್ರು, ಖಾಲಿ ಬಿದ್ದ ಹಗ್ಗ ನೋಡಿದ್ರು.

"ಇದನ್ನ ಮಾಸೂರಿಗೆ ಕಳಸಾಕ ಬರಂಗಿಲ್ಲಲ್ಲೋ," ಅಂದ್ರು.

೨. ಶಿಗ್ಗಾವಿಯ ಬಾವಿಕಟ್ಟಿ

ಸೋರೂದು ಸಣ್ಣದು, ತ್ರಾಸು ದೊಡ್ಡದು. ನಿಂತಾಗ ಒಂದಿಷ್ಟು ಹನಿ, ಓಡುವಾಗ ಎಲ್ಲಿ ಹೋಗತಿತ್ತೋ ಶಿವನಿಗಽ ಗೊತ್ತು. ಶಿಗ್ಗಾವಿ ಹತ್ರ ಮೂತಿಯಿಂದ ಉಗಿ ಎದ್ದು ಗಾಡಿ ನಿಂತಬಿಡ್ತು. ಬಾವ್ಯಾಗ ನೀರು ಸೇದಾಕತ್ತಿದ್ದ ಮುದುಕಿಯೊಬ್ಬಾಕಿ ಪಾಪ, ಒಂದು ಕೊಡ ಕೊಟ್ಳು. ಸಾಲಲಿಲ್ಲ. ಮತ್ತೊಂದು ಕೊಟ್ಳು. ಗಾಡಿ ಗಟಗಟ ಕುಡೀತು.

"ಇಷ್ಟು ಕುಡದ್ರ ನಮ್ಮ ಎಮ್ಮಿ ಹಾಲರ ಕೊಡತೈತಿ," ಅಂದ್ಳು ಮುದುಕಿ. "ಇದೇನು ಕೊಡತೈತಿ?"

ಸಾವ್ಕಾರ್ರು ತಲೀ ಮ್ಯಾಲಿನ ಪಟಗಾ ಮುಂದಕ್ಕ ಎಳಕೊಂಡು ಮಾರಿ ಮುಚ್ಚಿಕೊಂಡ್ರು.

ಆ ಮಾತು ಹಿರೇಕೆರೂರು ಮುಟ್ಟಿತು. ಅಲ್ಲಿ ಸಾವ್ಕಾರ್ರ ಮಗನಿಗೆ ಹೆಣ್ಣು ನೋಡಿದ್ರು, ನಿಶ್ಚಯ ಆಗಬೇಕಾಗಿತ್ತು. ಹೆಣ್ಣಿನ ಅಪ್ಪ ಚೇಷ್ಟಿ ಮನಶ್ಯಾ. ಚಕ್ಕಡ್ಯಾಗ ಬರ್ರಿ, ನಿಮ್ಮ ಮೋಟಾರು ಬಂದ್ರ ನಮ್ಮೂರ ಕೆರಿ ಬತ್ತತೈತಿ ಅಂತ ಹೇಳಿಕಳಿಸಿದ. ಸಾವ್ಕಾರ್ರಿಗೆ ಸಿಟ್ಟು ನೆತ್ತಿಗೇರಿತು. ಹನಿ ನೀರು ಬೇಡದಂಗ ಬರ್ತೇವಿ ಅಂತ ತಿರುಗಿ ಹೇಳಿಸಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಹಾದ್ಯಾಗ ನೀರಿಗೆ ನಿಂತ್ರ ಮರುದಿನಽ ಗಾಡಿ ಮಾರತೇನಿ. ನೀ ಮತ್ತ ಎತ್ತಿನ ಬಾಲಾ ತಿರುವು," ಅಂದ್ರು.

೩. ಸವಣೂರಾಗ ಆದ ಖೂನಿ

ನಿಶ್ಚಯಕ್ಕ ವೀಳ್ಯದೆಲಿ ತರಾಕ ಸವಣೂರಿಗೆ ಹೋದ್ವಿ. ಸಾವ್ಕಾರ್ರು ಎಲಿ ಪೇಟಿಗೆ ಹೋದ್ರು, ನಾ ಗಾಡಿ ತಗೊಂಡು ನನ್ನ ದೋಸ್ತ ಕಲಾಯಿ ಸಾಬನ ಅಂಗಡಿಗೆ ಹೋದೆ. ಸೋರೋ ಹಂಡೇ, ಕೊಡ ಬೆಸೀಯೂದ್ರಾಗ ಅಂವ ಗಟ್ಟಿಗ. ಗಾಡಿ ಮೂತ್ಯಾಗಿನ ನೀರಿನ ಪೆಟಗಿಗೆ ಎರಡು ಕಡೆ ಬೆಸುಗಿ ಹಾಕಿದ, ಆದ್ರೂ ಸೋರೂದು ನಿಲ್ಲಲಿಲ್ಲ. ಹನಿ ಬೀಳೂದು ಒಂದು ಕಡೆ, ತೂತು ಮತ್ತೊಂದು ಕಡೆ. ಕಾದ ಕಬ್ಬಿಣದ ಮ್ಯಾಲ ನೀರಿನ ಹಾದೀನಽ ಆರಿಹೋಗತಿತ್ತು.

ಸೋತು ಕುಂತು ಎಲಿ ಹಾಕಾಕತ್ವಿ. ಎಲಿಗೆ ಸುಣ್ಣಾ ಸವರುವಾಗ ನನ್ನ ತಲ್ಯಾಗ ಏನೋ ಮಿಂಚಿತು. ಅರಿಷಿಣಕ್ಕ ಸುಣ್ಣಾ ಕೂಡಿದ್ರ ಕೆಂಪಗಾಕ್ಕೈತಿ, ಮದಿವಿ ಆರತಿ ನೀರು ಹಂಗಽ ಮಾಡತಾರಲ್ಲ. ಪೆಟಗಿ ನೀರಾಗ ಅರಿಷಿಣಪುಡಿ ಸುರುವಿದೆ. ನಳಗಿ, ಕೀಲು, ಸಂದಿ ಎಲ್ಲಾ ಕಡೆ ಸುಣ್ಣಾ ಬಳದ್ವಿ. ಇಂಜಿನ್ನು ಮದಿವಿಮನಿ ಗ್ವಾಡಿ ಆಗಿಹೋತು. ಗಾಡಿ ಚಾಲೂ ಮಾಡಿ ನಾ ಬುಡಕ ತೂರಿ ಮಲಗಿದೆ. ಕಾದಂಗ ಕಾದಂಗ ಪೆಟಗಿ ಕೊರಳಿಗೆ ರಬ್ಬರ್ ನಳಗಿ ಕೂಡೋ ಕಡೆ, ಬಿಗದು ಕಟ್ಟಿದ್ದ ಪಟ್ಟಿ ಸಂದ್ಯಾಗ, ಕೆಂಪು ಗೆರಿ ಇಳೀತು. ಸೂಜಿಮೊನಿಯಷ್ಟು ತೂತು, ಕಾದ್ರಷ್ಟಽ ಬಾಯಿ ಬಿಡತಿತ್ತು. ಎದ್ದು ಕುಣೀಬೇಕು ಅನಿಸ್ತು, ಆದ್ರ ಮ್ಯಾಲ ಗಾಡಿ ಇತ್ತು.

ಅಷ್ಟರಾಗ ಕೆಂಪು ನೀರು ತೊಟ್ಟಿಕ್ಕಿ ಮಣ್ಣಿಗಿಳದು, ಮಂದಿ ನೆರೆದಿತ್ತು. ಸಾವ್ಕಾರ್ರು ಎಲಿ ಬುಟ್ಟಿ ಹೊರಿಸಿಕೊಂಡು ಬಂದವರು ನೋಡ್ತಾರ: ತಮ್ಮ ಗಾಡಿ, ಬುಡಕ ಕೆಂಪು, ಸುತ್ತ ಗದ್ದಲ.

"ಏನಾತೋ?" ಅಂದ್ರು, ಮಂದಿನ್ನ ಸರಿಸಿ ಒಳಗ ನುಗ್ಗಿಕೋತ.

"ಸಿಕ್ತರೀ ಸಾವ್ಕಾರ್ರ," ಅಂದೆ ನಾ ಬುಡಕಿಂದ. "ಸೀದಾ ಕೊರಳಾಗಽ ಐತಿ."

"ಜೀವ ಐತೇನೋ?"

"ಇನ್ನೂ ಹನ್ಯಾಕತ್ತೈತ್ರಿ."

ನಾ ಹೊರಗ ಬರೂದ್ರಾಗ ಸಾವ್ಕಾರ್ರು ಎಲಿ ಬುಟ್ಟಿ ಮ್ಯಾಲ ಕುಂತುಬಿಟ್ಟಿದ್ರು. ನಿಶ್ಚಯಕ್ಕ ಬ್ಯಾರೆ ಎಲಿ ತರಬೇಕಾತು.

೪. ಬ್ಯಾಡಂದ ತಂಬಗಿ

ಕಲಾಯಿ ಸಾಬ ನಳಗಿಯ ಹರಕು ತುದಿ ಕೊಯ್ದು, ಹೊಸದಾಗಿ ಕೂಡಿಸಿ, ಬಿಗದು ಕಟ್ಟಿದ. ಮನಿಮಂದಿ ಹಿಂದಿನ ದಿನಽ ಚಕ್ಕಡ್ಯಾಗ ಹೊಂಟಿದ್ರು, ನಿಶ್ಚಯದ ದಿನ ನಾನೂ ಸಾವ್ಕಾರ್ರೂ ಗಾಡ್ಯಾಗ ಹೊಂಟ್ವಿ. ಆ ಚೇಷ್ಟಿ ಬೀಗ ಹಾದ್ಯಾಗಿನ ಹಂಸಭಾವಿ ಊರಾಗ ಒಬ್ಬ ಆಳಿನ ಹೆಗಲ ಮ್ಯಾಲ ತುಂಬಿದ ಕೊಡ ಇಟ್ಟು ನಿಲ್ಲಿಸಿದ್ದ. ಆ ಆಳು "ನೀರ್ರೀ, ನೀರು" ಅಂತ ಓಡಿಬಂದ. ನಾ ಹಾರ್ನ್ ಹೊಡದು ಧೂಳು ಕುಡಿಸಿ ಹೊಂಟೆ. ಸಾವ್ಕಾರ್ರು ಮೀಸಿ ತಿರುವಿದ್ದಽ ತಿರುವಿದ್ದು. ರಾಜ್ಯಾ ಗೆದ್ದಂಗ ಹಿರೇಕೆರೂರಿಗೆ ಬಂದು ಬೀಗರ ಬಾಗಲಾಗ ಗಾಡಿ ನಿಲ್ಲಿಸಿದೆ. ಒಂದು ಹನಿ ಸೋರಿದ್ದಿಲ್ಲ.

ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಡೋ ಪದ್ಧತಿ. ಹೆಣ್ಣಿನ ಅವ್ವ ಸೆರಗು ಹೊತ್ತು ತಂಬಗಿ ಹಿಡಕೊಂಡು ಬಂದ್ಳು.

"ನೀರು ತಗೋರಿ."

ಸಾವ್ಕಾರ್ರು ಇನ್ನೂ ಗಾಡ್ಯಾಗಽ ಇದ್ರು. ಎದಿ ಸೆಟಿಸಿ ಕೈ ಎತ್ತಿ, ಊರಿಗೆಲ್ಲಾ ಕೇಳೂವಂಗ ಅಂದ್ರು:

"ನಿಮ್ಮೂರ ಹನಿ ನೀರು ನಮಗ ಬ್ಯಾಡ."

ಬೀಗರ ಮನಿ ನೀರು ಬ್ಯಾಡ ಅಂದ್ರ ಸಂಬಂಧಾನಽ ಬ್ಯಾಡ ಅಂದಂಗ. ಆ ತಾಯಿ ಕಣ್ಣು ತುಂಬಿದ್ವು. ನಮ್ಮ ಸಾವ್ಕಾರ್ತಿ ಹಣಿ ಬಡಕೊಂಡ್ರು. ಸಾವ್ಕಾರ್ರಿಗೆ ಮಾತ್ರ ಇನ್ನೂ ತಿಳಿದಿಲ್ಲ, ಮೀಸಿ ಮ್ಯಾಲಿನ ಕೈ ಮೀಸಿ ಮ್ಯಾಲಽ ಐತಿ.

ನಾ ಟಣ್ಣನ ಜಿಗದು ತಾಯಿ ಮುಂದ ಕೈ ಮುಗದೆ. "ಅವ್ವಾರ, ಬ್ಯಾಡಂದದ್ದು ಗಾಡಿಗ್ರಿ. ಮನಶ್ಯಾರಿಗೆ ಗಂಟಲಾ ಒಣಗಿ ಜೀವ ಹೋಗಾಕತ್ತೈತಿ."

ಆವಾಗ ಸಾವ್ಕಾರ್ರಿಗೆ ಹೊಳೀತು. ಧಡಪಡಿಸಿ ಇಳದು, ಎರಡೂ ಕೈಲೆ ತಂಬಗಿ ಇಸಗೊಂಡು ಒಂದಽ ದಮ್ಮಿಗೆ ಕುಡದ್ರು. ಇನ್ನೊಂದು ಕೊಡ್ರವ್ವಾ ಅಂದ್ರು. ಅದನ್ನೂ ಕುಡದು, ಮತ್ತ ಕೈ ಒಡ್ಡಿದ್ರು. ಆ ತಾಯಿ ಕಣ್ಣೀರಾಗಽ ನಕ್ಕೋತ ಒಳಗ ಓಡಿದ್ಳು. ಸಂಬಂಧ ಉಳೀತು, ಗಾಡಿ ಉಳೀತು, ನಾನೂ ಉಳದೆ.

ಬೀಗ ಮಾತ್ರ ನನ್ನ ಹೆಗಲ ಮ್ಯಾಲ ಕೈ ಹಾಕಿ ಅಂದ:

"ಗಾಡಿ ತೂತು ಮುಚ್ಚೀದಿ, ಖರೆ. ಈಗ ನಿಮ್ಮ ಸಾವ್ಕಾರ್ರು ಎಲ್ಲಿ ಸೋರಾಕತ್ತಾರ, ನೋಡಪಾ."