ಅವ್ವ ರೊಟ್ಟಿಗೆ ಹೆಸರಿಡಲಿ

ಜಡ್ಡಿನ ಮನೆಯಲ್ಲಿ ನಗಬಾರದು ಎಂದು ನಾನು ಕಟ್ಟುನಿಟ್ಟಾಗಿ ತೀರ್ಮಾನಿಸಿದ್ದೆ. ಆದರೆ ನಗು ಚಪ್ಪಲಿ ಕಳಚದೆ ನಡುಮನೆಗೆ ಬರುವ ನೆಂಟರ ಹಾಗೆ. ಬಾಗಿಲಲ್ಲಿ ನಿಂತು ತಡೆದರೂ ಹಿತ್ತಲಿನಿಂದ ಬರುತ್ತದೆ. ಅವ್ವನ ಎದೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ ಇಂಡಿ ಪಟ್ಟಣದ ನನ್ನ ತವರುಮನೆಯಲ್ಲಿ ಇಂಥ ನಗುವಿನ ಪ್ರಸಂಗಗಳು ಒಂದರ ಹಿಂದೊಂದು ನಡೆಯುತ್ತಲೇ ಹೋದವು.

ಮೊದಲಿಗೆ ನನ್ನ ರೊಟ್ಟಿಯ ವಿಷಯ ಹೇಳಬೇಕು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿನ ಸಿಸ್ಟರುಗಳು ನನಗೆ ನೆಟ್ಟಗೆ ಕೂಡುವುದನ್ನು, ಹೇಳಿದ ಹೊತ್ತಿಗೆ ಹೋಗುವುದನ್ನು, ಒಂದು ಸುಕ್ಕಿಲ್ಲದಂತೆ ಇಸ್ತ್ರಿ ಮಾಡುವುದನ್ನು ಕಲಿಸಿದರು. ರೊಟ್ಟಿ ಬಡಿಯುವುದನ್ನು ಕಲಿಸಲಿಲ್ಲ. ಮದುವೆಯಾಗಿ ಸಿಂದಗಿಗೆ ಹೋದ ಮೇಲೆ ಕಲಿತೆ. ತವರಿಗೆ ಹೋದಾಗಲೆಲ್ಲ ಅವ್ವ ಒಂದು ತುಣುಕು ಬಾಯಿಗೆ ಹಾಕಿ, "ಅಂಚು ದಪ್ಪ. ಹಸಿಹಿಟ್ಟಿನ ರುಚಿ ಹೋಗಿಲ್ಲ. ಕಾನ್ವೆಂಟ್ ರೊಟ್ಟಿ" ಎನ್ನುತ್ತಿದ್ದಳು. ಹೀಗೆ ಕೊರತೆ ಹುಡುಕಿ ಹೇಳುವುದಕ್ಕೆ ನಮ್ಮ ಕಡೆ ಹೆಸರಿಡುವುದು ಎನ್ನುತ್ತಾರೆ. ಅವ್ವ ಹೆಸರಿಟ್ಟಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕಿಮೋ ಶುರುವಾಯಿತು. ಅವ್ವನ ನಾಲಿಗೆಯ ರುಚಿ ಹೋಯಿತು. "ಬಾಯಾಗ ಕಬ್ಬಿಣ ಇಟ್ಟಂಗ ಆಗೇತಿ" ಎಂದಳು. ಆರೈಕೆಗೆಂದು ತವರಿಗೆ ಬಂದಿದ್ದ ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ. ನಾಲ್ಕು ತುತ್ತು ನುಂಗಿ, "ಛಲೋ ಆಗೇತಿ ಯವ್ವಾ" ಎಂದಳು.

ಜೀವಮಾನದಲ್ಲಿ ಮೊದಲ ಸಲ ನನ್ನ ರೊಟ್ಟಿ ಪಾಸಾಗಿತ್ತು. ನಾನು ಅಡುಗೆಮನೆಗೆ ಹೋಗಿ, ಉರಿಯುತ್ತಿದ್ದ ಒಲೆಯ ಮುಂದೆ ಸುಮ್ಮನೆ ನಿಂತುಕೊಂಡೆ. ರುಚಿ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾವಾಗ ಎಂಬುದನ್ನು ಹೇಳಿರಲಿಲ್ಲ. ಅಂದಿನಿಂದ ನಾನು ಕಾಯುತ್ತಿದ್ದುದು ಒಂದೇ ಒಂದಕ್ಕೆ: ಅವ್ವ ನನ್ನ ರೊಟ್ಟಿಗೆ ಹೆಸರಿಡಲಿ.

ಕೈ ತೊಳೆದವರು

ರಕ್ತದಲ್ಲಿ ಸೋಂಕು ತಡೆಯುವ ಶಕ್ತಿ ಕಡಿಮೆಯಾಗಿದೆ, ಜನರನ್ನು ಹತ್ತಿರ ಬಿಡಬೇಡಿ ಎಂದು ಡಾಕ್ಟರು ಹೇಳಿದರು. ನಮ್ಮ ಊರಲ್ಲಿ ಇದು ಆಗುವ ಮಾತೇ? ಯಾರಿಗಾದರೂ ಜಡ್ಡಾದರೆ ಮಾತಾಡಿಸಲು ಹೋಗಲೇಬೇಕು. ಹೋಗದವರ ಹೆಸರು ಬಹಳ ವರ್ಷ ನೆನಪಿರುತ್ತದೆ.

ನಾನು ತಲಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಪಕ್ಕದಲ್ಲಿ ಬಕೀಟು, ಸಾಬೂನು, ಒಗೆದ ಟವೆಲ್ಲು. ಒಂದು ದಿನ ಲಚ್ಯಾಣದಿಂದ ಅವ್ವನ ಸೋದರತ್ತೆ, ಸೊಸೆಯಂದಿರನ್ನೂ ಮೊಮ್ಮಕ್ಕಳನ್ನೂ ಟಂಟಂ ಆಟೋದಲ್ಲಿ ತುಂಬಿಕೊಂಡು ಬಂದಳು.

"ಚಪ್ಪಲಿ ಅಲ್ಲೇ ಬಿಡ್ರಿ. ಮೊಣಕೈ ತನಕ ಕೈ ತೊಳೀರಿ. ಪಡಸಾಲ್ಯಾಗ ಸಾಲಾಗಿ ಕೂಡ್ರಿ, ಒಬ್ಬರಿಗೊಬ್ಬರು ಒತ್ತಬ್ಯಾಡ್ರಿ" ಎಂದೆ.

ಒಬ್ಬರೂ ಎದುರು ಮಾತಾಡಲಿಲ್ಲ. ತೊಳೆದರು, ಒರೆಸಿಕೊಂಡರು, ಸಾಲಾಗಿ ಚಕ್ಕಳಬಕ್ಕಳ ಹಾಕಿ ಕುಳಿತರು. ನಮ್ಮ ಜನಕ್ಕೂ ಶಿಸ್ತು ಬರುತ್ತದೆ ಎಂದು ನನಗೆ ಹೆಮ್ಮೆಯಾಯಿತು. ಅವ್ವ ಒಳಗಿನ ಕೋಣೆಯ ಹೊಸ್ತಿಲಿನಿಂದಲೇ ಮಾತಾಡಿದಳು. ಮಾತು ಮುಗಿಯಿತು. ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಕಡೆಗಿತ್ತು.

"ಮತ್ತೇನರ ಆಗಬೇಕಾಗಿತ್ತೇನ್ರಿ?" ಎಂದು ಕೇಳಿದೆ.

"ಏನಿಲ್ಲವಾ, ಅವಸರ ಮಾಡಬ್ಯಾಡ. ಅಡಗಿ ನಿಧಾನಕ್ಕ ಆಗಲಿ" ಎಂದಳು ಆ ಅಜ್ಜಿ.

ಒಳಗಿನಿಂದ ಅವ್ವ ಕೂಗಿದಳು: "ಮಂದೀನ್ನ ಕೈ ತೊಳಸಿ, ಸಾಲಾಗಿ ಕೂಡ್ರಿಸಿ, ಹಂಗ ಕಳಸ್ತಿ ಏನ? ಗಂಗಾಳ ಹಾಕು!"

ಅಂದು ಮಧ್ಯಾಹ್ನದವರೆಗೆ ನಾನು ರೊಟ್ಟಿ ಬಡಿದೆ. ಅವರು ಉಂಡು, ಮತ್ತೆ ಅದೇ ಸಾಬೂನಿನಿಂದ ಕೈ ತೊಳೆದರು. ಹೊರಡುವಾಗ ಅಜ್ಜಿ ಅವ್ವನಿಗೆ ಹೇಳಿದಳು: "ನಿನ್ನ ಮಗಳ ರೊಟ್ಟಿಗೆ ನಾ ಏನೂ ಅನ್ನೂದಿಲ್ಲವಾ. ಜಡ್ಡಿನ ಮನಿ."

ಈಗಲಾದರೂ ಅವ್ವ ದನಿಗೂಡಿಸುತ್ತಾಳೆಂದು ನಾನು ಕಿವಿಗೊಟ್ಟು ನಿಂತೆ. "ನನಗ ಛಲೋ ಹತ್ತತಾವ ಅತ್ತಿ" ಎಂದಳು ಅವ್ವ.

ಅಜ್ಜಿಯ ಮುಖ ಬಾಡಿತು. ಟಂಟಂ ಹತ್ತುವಾಗ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಅಕಿಗೆ ಇನ್ನೂ ಭಾಳ ಆರಾಮಿಲ್ಲವಾ. ಛಲೋ ನೋಡಿಕೋ."

ಅಪ್ಪನ ಮೀಸೆ

ಅವ್ವನ ಕೂದಲು ಉದುರಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಅಪ್ಪ ಅದನ್ನು ನೋಡಿದರು. ಅವರು ಲಿಂಬೆ ತೋಟದ ಒಕ್ಕಲಿಗರು, ಮಾತು ಕಡಿಮೆ. ಮರುದಿನ ಬೆಳಗ್ಗೆ ಬಜಾರಕ್ಕೆ ಹೋಗಿ, ಮದುವೆಗೆ ಮುಂಚಿನಿಂದ ಸಾಕಿದ್ದ ಮೀಸೆಯನ್ನು ಪೂರ್ತಿ ತೆಗೆಸಿಬಿಟ್ಟರು.

ಅವರು ಮರೆತದ್ದು ಇಷ್ಟೇ: ನಮ್ಮ ಓಣಿಯಲ್ಲಿ ಗಂಡಸು ಮೀಸೆ ತೆಗೆಸುವುದು ಮನೆಯಲ್ಲಿ ಸಾವಾದಾಗ. ಅಪ್ಪ ಬೋಳು ತುಟಿ ಹೊತ್ತು, ತಲೆ ತಗ್ಗಿಸಿ, ಇಡೀ ಬಜಾರ ದಾಟಿ ನಡೆದು ಬಂದರು. ಯಾರೋ ನಮಸ್ಕಾರ ಮಾಡಿದರಂತೆ. ಯಾರೋ ಬೆನ್ನು ಸವರಿದರಂತೆ. ಹೆಂಡತಿಗೆ ಜಡ್ಡಾಗಿದೆಯೆಂದು ಮರುಗುತ್ತಿದ್ದಾರೆ ಅಂದುಕೊಂಡರಂತೆ ಇವರು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ನಾನು ಸ್ನಾನದ ಮನೆಯಲ್ಲಿದ್ದೆ. ಅವ್ವನೇ ಹೋಗಿ ತೆರೆದಳು. ಓಣಿಯ ಹಿರಿಯರು ನಾಲ್ಕು ಜನ, ಮೊದಲನೆಯವರ ಕೈಯಲ್ಲಿ ದೊಡ್ಡದೊಂದು ಹೂವಿನ ಹಾರ. ಅವ್ವನನ್ನು ನೋಡಿ ಅವರು ಹಾಗೇ ಕಲ್ಲಾಗಿ ನಿಂತರು.

"ಯಾರು ಹೋದ್ರರಿ?" ಎಂದು ಅವ್ವ ಗಾಬರಿಯಾಗಿ ಕೇಳಿದಳು.

ಹಾರ ಹಿಡಿದವರು "ನೀವೇರಿ" ಎಂದುಬಿಟ್ಟರು.

ಅವ್ವ ಹಾರ ನೋಡಿದಳು, ಅವರ ಹಿಂದೆ ಅಂಗಳದಲ್ಲಿ ನಿಂತಿದ್ದ ಅಪ್ಪನ ಬೋಳು ತುಟಿ ನೋಡಿದಳು. ಎಲ್ಲವೂ ಅರ್ಥವಾಯಿತು. ಎಷ್ಟೋ ದಿನಗಳ ಮೇಲೆ ಮೊದಲ ಸಲ ಸೆರಗು ಜಾರಿದ್ದೂ ತಿಳಿಯದಷ್ಟು ನಕ್ಕಳು.

"ಬರ್ರಿ ಒಳಗ, ಇಲ್ಲೀತನಕ ಬಂದೀರಿ, ಚಾ ಕುಡದ ಹೋಗ್ರಿ. ಹಾರ ಕೊಡ್ರಿ, ದೇವರಿಗೆ ಹಾಕ್ತೇನಿ." ಆಮೇಲೆ ಅಪ್ಪನತ್ತ ತಿರುಗಿ, "ಆ ಮೀಸಿ ಹಿಂದ ಇಂಥಾ ತುಟಿ ಇತ್ತೇನು? ಮೊದಲ ಗೊತ್ತಿದ್ರ ನೋಡಾಕ ಬಂದ ದಿನಾನೇ ಒಲ್ಲೆ ಅಂತಿದ್ದೆ!"

ಅಂದು ಸಂಜೆ ಅವ್ವ ಕನ್ನಡಿಯನ್ನು ಸರಿಯಾಗಿ ತಿರುಗಿಸಿ ಇಟ್ಟಳು. ಕೇಳಿದರೆ, "ನಿಮ್ಮಪ್ಪಗಿಂತ ನಾನೇ ವಾಸಿ ಕಾಣಸ್ತೇನಿ" ಎಂದಳು.

ಬಸ್ಸಿನಲ್ಲಿ ಬಂದ ಬುತ್ತಿ

ಮುದ್ದೇಬಿಹಾಳದಲ್ಲಿರುವ ನನ್ನ ತಂಗಿಗೆ ದಿನಾ ಬರಲಾಗುತ್ತಿರಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಬುತ್ತಿಯ ಡಬ್ಬಿ ಕೊಡುತ್ತಿದ್ದಳು. ಬಸವನ ಬಾಗೇವಾಡಿಯಲ್ಲಿ ನನ್ನ ತಮ್ಮನ ಹೆಂಡತಿ ತನ್ನದೊಂದು ಡಬ್ಬಿ ಸೇರಿಸುತ್ತಿದ್ದಳು. ಇಬ್ಬರಿಗೂ ಅವ್ವ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ: ಛಲೋ ಆಗೇತಿ.

ಒಂದು ದಿನ ತಂಗಿಯ ಫೋನು ಬಂತು. "ಹೆಸರಬ್ಯಾಳಿ ಗಂಜಿ ಹೆಂಗಿತ್ತವ್ವ?"

"ಭಾಳ ಛಲೋ ಆಗಿತ್ತು ನೋಡವಾ" ಎಂದಳು ಅವ್ವ.

ಡಬ್ಬಿ ನನ್ನ ಕೈಯಲ್ಲಿತ್ತು. ಇನ್ನೂ ತೆರೆದಿರಲಿಲ್ಲ. ತೆರೆದರೆ ಒಳಗೆ ಗಂಜಿಯೇ ಇಲ್ಲ. ಕೆಂಪು ಎಣ್ಣೆ ತೇಲುವ, ಮೂಗಿಗೆ ಘಾಟು ಹೊಡೆಯುವ ಎಣ್ಣೆಗಾಯಿ. ಡಬ್ಬಿ ಅದಲುಬದಲಾಗಿತ್ತು.

"ಅವ್ವಾ, ತೆರೀದನ ಛಲೋ ಆಗೇತಿ ಅಂತೀಯಲ್ಲ?"

"ತೆರದ್ರೂ ನನಗ ಅಷ್ಟ ಅಲ್ಲೇನು? ಪಾಪ, ಹೊತ್ತು ಮೂಡೂದ್ರಾಗ ಎದ್ದು ಮಾಡಿರ್ತಾಳ."

ಹಾಗಾದರೆ ನನ್ನ ರೊಟ್ಟಿಗೆ ಸಿಕ್ಕ ಅಷ್ಟೂ ಮೆಚ್ಚುಗೆ ಇದೇ ತೂಕದ್ದು. ನಾನು ಕಿಟಕಿ ಒರೆಸತೊಡಗಿದೆ. ಅದು ಆಗಲೇ ಸ್ವಚ್ಛವಿತ್ತು.

ಸಂಜೆ ಬ್ಯಾಂಕಿನ ಕಾರಕೂನರೊಬ್ಬರು ನಮ್ಮ ಡಬ್ಬಿ ತೊಳೆದುಕೊಂಡು ಬಂದರು. ಅವರ ಹೆಂಡತಿ ಮುದ್ದೇಬಿಹಾಳದಲ್ಲಿ; ಅವರ ಬುತ್ತಿಯೂ ಅದೇ ಬಸ್ಸಿಗೆ ಬರುತ್ತಿತ್ತು. ಉಪ್ಪು ಖಾರವಿಲ್ಲದ ನೀರು ಗಂಜಿ ನೋಡಿದೊಡನೆ ಅವರು, ಹೆಂಡತಿ ಸಿಟ್ಟಾಗಿದ್ದಾಳೆಂದು ತಿಳಿದು ಫೋನು ಹಚ್ಚಿ, ಮದುವೆಯಾದಾಗಿನಿಂದ ಮಾಡಿದ ತಪ್ಪಿಗೆಲ್ಲ ಒಂದೊಂದಾಗಿ ಕ್ಷಮೆ ಕೇಳಿದರಂತೆ.

"ಅವರೇನಂದ್ರರಿ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲರಿ. ಪೂರ್ತಿ ಕೇಳಿಕೊಂಡು, ಮತ್ತ ಮುಂದ ಹೇಳು ಅಂದ್ಳರಿ."

ಎಳ್ಳಮವಾಸ್ಯೆಯ ಊಟ

ದೀಪಾವಳಿಯ ಹೊತ್ತಿಗೆ ಕಿಮೋ ಮುಗಿಯಿತು. ನಾನು ಸಿಂದಗಿಗೆ ಮರಳಿದೆ. ಅವ್ವನ ತಲೆಯ ಮೇಲೆ ಆಗತಾನೆ ಮೊಳೆತ ಪೈರಿನಂತೆ ಕೂದಲು ಬಂತು, ಅಪ್ಪನ ಮೀಸೆಯೂ ಬಂತು. ರುಚಿ ಮಾತ್ರ ಬಂದಿರಲಿಲ್ಲ. ಫೋನಿನಲ್ಲಿ ದಿನಾ ಕೇಳುತ್ತಿದ್ದೆ. "ಇಲ್ಲವಾ, ಎಲ್ಲಾ ಒಂದೇ ಹತ್ತತೈತಿ" ಎನ್ನುತ್ತಿದ್ದಳು. ಇನ್ನು ಬರುವುದೇ ಇಲ್ಲವೇನೋ ಎಂಬ ಅಳುಕನ್ನು ನಾನು ಯಾರ ಮುಂದೆಯೂ ಆಡಲಿಲ್ಲ.

ಎಳ್ಳಮವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಪೈರಿನ ನಡುವೆ ಅನ್ನ ಎರಚಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಅವ್ವ ಬಂದೇ ಬರುತ್ತೇನೆಂದು ಹಟ ಹಿಡಿದಳು. ತಂಗಿ ಮುದ್ದೇಬಿಹಾಳದಿಂದ ಬಂದಳು, ತಮ್ಮ ಬಾಗೇವಾಡಿಯಿಂದ. ನಾನು ಹಿಂದಿನ ದಿನವಿಡೀ ಒಲೆಯ ಮುಂದೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಕಾರಿನಲ್ಲಿ ಇಡಿ ಎಂದು ನಮ್ಮ ಯಜಮಾನರಿಗೆ ಒಪ್ಪಿಸಿದ್ದೆ.

ಆಳೆತ್ತರದ ಜೋಳದ ಪಕ್ಕ ಚಾಪೆ ಹಾಸಿ ಕುಳಿತೆವು. ಯಜಮಾನರು ಗಂಟು ಬಿಚ್ಚಿ ಕೊಟ್ಟರು. ಅವ್ವ ನನ್ನ ರೊಟ್ಟಿಯ ತುಣುಕು ಮುರಿದು ಬಾಯಿಗೆ ಹಾಕಿದಳು. ಅಗಿದಳು. ಪಲ್ಯ ಹಚ್ಚದೆ ಇನ್ನೊಂದು ತುಣುಕು. ನಾವೆಲ್ಲ ಉಣ್ಣುವುದನ್ನು ನಿಲ್ಲಿಸಿದೆವು.

"ಛಲೋ ಆಗೇತಿ" ಎಂದಳು.

ಮತ್ತೆ ಅದೇ ಮಾತು.

"ಎಳ್ಳು ಹದಕ್ಕ ಹುರದಾವು. ಅಂಚು ತೆಳ್ಳಗ ಐತಿ." ತಿರುಗಿ ನನ್ನನ್ನೇ ನೋಡಿದಳು. "ಇದು ನಿಂದಲ್ಲ."

"ನಂದೇ ಅವ್ವ. ನಿನ್ನೆ ನಾನೇ ಬಡದೇನಿ."

"ಹಸಿಹಿಟ್ಟಿನ ರುಚಿ ಎಲ್ಲೈತಿ? ನಿಂದಲ್ಲ."

"ಸುಳ್ಳು ಹೇಳೂದನ್ನ ನಮ್ಮ ಸಾಲ್ಯಾಗ ಕಲಿಸಿಲ್ಲ!" ಎಂದು ನಾನು ಬೆನ್ನು ನೆಟ್ಟಗೆ ಮಾಡಿದೆ. "ಬೇಕಂದ್ರ ಇವರನ್ನ ಕೇಳು."

ಯಜಮಾನರು ಜೋಳದ ತೆನೆಗಳಲ್ಲಿ ಹಕ್ಕಿ ಹುಡುಕುತ್ತಿದ್ದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ತಿಳಿದ ಮೇಲೆ ಗಂಟಲು ಸರಿಮಾಡಿಕೊಂಡರು. "ಅತ್ತಿಯವರ... ಗಂಟು ಸಿಂದಗಿಯಾಗ ಮನಿ ಮುಂದಿನ ಕಟ್ಟಿ ಮ್ಯಾಲ ಉಳೀತ್ರಿ. ಇಂಡಿಗೆ ಬಂದ ಮ್ಯಾಲ ನೆನಪಾತು. ಇವು ಬಜಾರದಾಗ ರೊಟ್ಟಿ ಮಾರೋ ಹೆಣ್ಮಕ್ಕಳ ಕಡಿಂದ ತಂದವರಿ. ಅವರದೂ ಬಿಳಿ ಅರಿವೀನೇ ಇತ್ರಿ."

ಬೇರೆ ದಿನವಾಗಿದ್ದರೆ ಅವರ ಗತಿ ಬೇರೆಯಾಗುತ್ತಿತ್ತು. ಆದರೆ ತಂಗಿ ಕೂಗಿಬಿಟ್ಟಳು: "ಅಯ್ಯ, ಅವ್ವಗ ರುಚಿ ಹತ್ತೇತಿ!"

ತಮ್ಮ ಎದ್ದು ನಿಂತ. ಅಪ್ಪ ಹೊಸ ಮೀಸೆಯನ್ನು ಟವೆಲ್ಲಿನಿಂದ ಒರೆಸಿಕೊಂಡರು, ಕಣ್ಣನ್ನೂ. ನನಗಾದ ಅವಮಾನ ಒಬ್ಬರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ನಾನು ಎಂಜಲು ಕೈಯಲ್ಲೇ ಅವ್ವನ ಕೈ ಹಿಡಿದುಕೊಂಡೆ. ಸಿಸ್ಟರುಗಳು ನೋಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು.

"ಅವ್ವಾ, ನಾಳೆ ಮುಂಜಾನೆ ಬಸ್ಸಿಗೆ ನನ್ನ ರೊಟ್ಟಿ ತರಸ್ತೇನಿ. ತಿಂದು, ಮೊದಲಿನಂಗ ಹೆಸರಿಡು. ಎಷ್ಟು ಬೇಕೋ ಅಷ್ಟು ಇಡು."

ಅವ್ವ ಬಜಾರದ ರೊಟ್ಟಿಯ ಇನ್ನೊಂದು ತುಣುಕು ಮುರಿದುಕೊಂಡಳು.

"ಬ್ಯಾಡ ಯವ್ವಾ. ಬಾಯಿ ಕೆಟ್ಟಾಗ ತಿಂದೇನಿ, ಈಗ ರುಚಿ ತಿಳ್ಯಾಕತ್ತೇತಿ."